ಬೇಲಿಯಿಲ್ಲದ ಶಿಬಿರದಲ್ಲಿ ಮಗುವಿನೊಂದಿಗೆ ರಾತ್ರಿ ಕಳೆಯಬಹುದೇ? (ಬೋಟ್ಸ್ವಾನಾದ ಮೊರೆಮಿ)

ಹೊಳೆಸಾಲು:
ಬರುವ ಸೆಪ್ಟೆಂಬರ್ ತಿಂಗಳಲ್ಲಿ ಬೋಟ್ಸ್ವಾನಾದ ಮೊರೆಮಿ ವನ್ಯಜೀವಿ ಮೀಸಲಿನೊಳಗೆ ಡೇರೆ ಹಾಕಿಕೊಂಡು ಉಳಿಯಲು ನಾವು ಎರಡು ಕುಟುಂಬದವರು ಸೇರಿ ಯೋಜನೆ ಹಾಕುತ್ತಿದ್ದೇವೆ. ಮೌನ್ ಪಟ್ಟಣದಲ್ಲಿ, ನೆತ್ತಿಯ ಮೇಲೆ ಡೇರೆ ಬಿಚ್ಚಿಕೊಳ್ಳುವಂಥ ಫೋರ್ ವೀಲ್ ಗಾಡಿಗಳನ್ನು ಬಾಡಿಗೆಗೆ ಪಡೆದು, ದಕ್ಷಿಣದ ಗೇಟಿನಿಂದ ಒಳಹೊಕ್ಕು, ಥರ್ಡ್ ಬ್ರಿಡ್ಜ್, ಕಕನಾಕ, ಉತ್ತರ ಗೇಟಿನ ಖ್ವಾಯ್ ಹೀಗೆ ಒಂದೊಂದು ಕಡೆ ಒಂದೊಂದು ರಾತ್ರಿ ಕಳೆಯುವುದು ನಮ್ಮ ಲೆಕ್ಕಾಚಾರ. ಈ ಶಿಬಿರಗಳಿಗೆ ಬೇಲಿಯಿಲ್ಲ, ಅಂಗಡಿಯಿಲ್ಲ, ಡೇರೆಯ ಬಳಿ ವಿದ್ಯುತ್ತಿಲ್ಲ, ಮೊಬೈಲ್ ಸಂಪರ್ಕವನ್ನಂತೂ ನೆಚ್ಚುವಂತಿಲ್ಲ ಎಂಬುದನ್ನು ಓದಿ ತಿಳಿದಿದ್ದೇವೆ. ಆನೆ, ಕತ್ತೆಕಿರುಬ, ಸಿಂಹ, ನೀರಾನೆ ಎಲ್ಲವೂ ಡೇರೆಗಳ ನಡುವೆಯೇ ಓಡಾಡುತ್ತವೆ ಎಂದು ಹೋಗಿಬಂದವರು ಬಹಳ ಸಂತೋಷದಿಂದ ಬರೆಯುತ್ತಾರೆ. ನನಗೆ ಆ ಸಂತೋಷವೇ ಅನುಮಾನ ತರಿಸುತ್ತಿದೆ.

ಗುಂಪಿನಲ್ಲಿ 9 ವರ್ಷದ ನನ್ನ ಮಗಳೂ 66 ವರ್ಷದ ನನ್ನ ತಾಯಿಯೂ ಇದ್ದಾರೆ. ಎಲ್ಲರೂ ಸಸ್ಯಾಹಾರಿಗಳು, ಆದ್ದರಿಂದ ಅಡುಗೆ ನಮ್ಮದೇ ಆಗಬೇಕು. ಮಗುವನ್ನು ಅಲ್ಲಿಗೆ ಕರೆದೊಯ್ಯುವುದು ವಿವೇಕವೇ, ರಾತ್ರಿ ಶೌಚಕ್ಕೆ ಏನು ಮಾಡುತ್ತಾರೆ, ಅಡುಗೆಯ ವಾಸನೆಗೆ ಪ್ರಾಣಿಗಳು ಬರುತ್ತವೆಯೇ? ಅನುಭವವಿರುವವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಬೇಲಿಹಾರಿ:
ಇಷ್ಟೊಂದು ಯೋಚಿಸುವವರು ಲಾಡ್ಜಿನಲ್ಲಿ ಕೋಣೆ ಹಿಡಿಯುವುದು ಒಳ್ಳೆಯದು. ಕಾಡುಪ್ರಾಣಿಗಳು ಮನುಷ್ಯರ ತಂಟೆಗೆ ತಾವಾಗಿ ಬರುವುದಿಲ್ಲ. ಕಳೆದ ವರ್ಷ ಕಕನಾಕದಲ್ಲಿ ಸೆಕೆ ತಡೆಯಲಾರದೆ ನಾನು ಡೇರೆಯ ಬಾಗಿಲನ್ನು ತೆರೆದಿಟ್ಟುಕೊಂಡೇ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಸುತ್ತ ಹೆಜ್ಜೆಗುರುತುಗಳಿದ್ದವು, ಅಷ್ಟೇ.

ಗ್ಯಾಬರೋನ್ ನಿವಾಸಿ:
ಬೇಲಿಹಾರಿಯವರ ಈ ಪದ್ಧತಿಯನ್ನು ದಯವಿಟ್ಟು ಯಾರೂ ಅನುಸರಿಸಬಾರದು. 2000ನೇ ಇಸವಿಯಲ್ಲಿ ಇದೇ ಮೊರೆಮಿಯಲ್ಲಿ ಡೇರೆಯೊಂದರಲ್ಲಿ ಒಬ್ಬನೇ ಮಲಗಿದ್ದ ಬಾಲಕನನ್ನು ಕತ್ತೆಕಿರುಬಗಳು ಎಳೆದೊಯ್ದು ಕೊಂದವು. ಆ ಘಟನೆಯನ್ನು ಇಲ್ಲಿ ಬೋಟ್ಸ್ವಾನಾದ ಮಾರ್ಗದರ್ಶಿಗಳು ಇಂದಿಗೂ ಹೇಳುತ್ತಾರೆ, ಅದೂ ಹೆದರಿಸುವುದಕ್ಕಲ್ಲ, ಜಿಪ್ ಎಳೆಯಿರಿ ಎಂಬ ಒಂದೇ ಮಾತನ್ನು ಮನದಟ್ಟು ಮಾಡುವುದಕ್ಕೆ. ಪೂರ್ತಿ ಮುಚ್ಚಿದ ಡೇರೆಯನ್ನು ಸಿಂಹವಾಗಲಿ ಕತ್ತೆಕಿರುಬವಾಗಲಿ ಸಾಮಾನ್ಯವಾಗಿ ಒಂದು ಗಟ್ಟಿಯಾದ ದೊಡ್ಡ ವಸ್ತುವೆಂದೇ ಪರಿಗಣಿಸಿ ಬಳಸಿಕೊಂಡು ಹೋಗುತ್ತದೆ. ಬಾಗಿಲು ಅರ್ಧ ತೆರೆದಿದ್ದರೆ ಒಳಗೆ ಮಲಗಿರುವವರ ವಾಸನೆಯೂ ಸಿಗುತ್ತದೆ, ಒಳಗೆ ಬರುವ ದಾರಿಯೂ ಕಾಣಿಸುತ್ತದೆ. ಸೆಕೆಯಾದರೆ ಸೊಳ್ಳೆಪರದೆಯ ಕಿಟಕಿಗಳನ್ನು ಮಾತ್ರ ತೆರೆದುಕೊಳ್ಳಬೇಕು.

ಹೊಳೆಸಾಲು ಅವರೇ, ಇಲ್ಲಿರುವ ನಾವೆಲ್ಲ ಮಕ್ಕಳನ್ನು ಕರೆದುಕೊಂಡೇ ಹೋಗುತ್ತೇವೆ, ಆದ್ದರಿಂದ ಹೋಗಬೇಡಿ ಎಂದು ಹೇಳಲಾರೆ. ಆದರೆ ಕೆಲವು ವಿಷಯಗಳಲ್ಲಿ ರಿಯಾಯಿತಿ ಇರಕೂಡದು. ಮಗು ಯಾವ ಹೊತ್ತಿನಲ್ಲೂ, ಹಗಲಿನಲ್ಲೂ, ದೊಡ್ಡವರ ಕೈಗೆಟುಕುವ ದೂರದಲ್ಲಿರಬೇಕು. ಪ್ರತ್ಯೇಕ ಡೇರೆಯಲ್ಲಿ ಮಲಗಿಸಬಾರದು. ಕತ್ತಲಾದ ಮೇಲೆ ಓಡಬಾರದು, ಆಟವಾಡಬಾರದು. ಓಡುವ ಸಣ್ಣ ಆಕೃತಿ ಎಂದರೆ ಬೇಟೆಪ್ರಾಣಿಗೆ ಬೇರೆಯೇ ಅರ್ಥ. ಊಟ ಸೂರ್ಯಾಸ್ತದ ಹೊತ್ತಿಗೆ ಮುಗಿದು, ಪಾತ್ರೆಗಳು ತೊಳೆದು, ಆಹಾರದ ಪೆಟ್ಟಿಗೆಯಿಂದ ಹಿಡಿದು ಕಸದ ಚೀಲದವರೆಗೆ ಎಲ್ಲವೂ ಗಾಡಿಯೊಳಗೆ ಸೇರಿರಬೇಕು. ಚಪ್ಪಲಿಯನ್ನೂ ಹೊರಗೆ ಬಿಡಬೇಡಿ, ಕತ್ತೆಕಿರುಬಗಳು ಚರ್ಮ, ರಬ್ಬರು, ಬೆವರಿನ ಉಪ್ಪು ಹತ್ತಿದ ಯಾವುದನ್ನಾದರೂ ಕಚ್ಚಿಕೊಂಡು ಹೋಗುತ್ತವೆ.

ರಾತ್ರಿಯ ಶೌಚಕ್ಕೆ ಉತ್ತರ ಸರಳವಾಗಿದೆ: ಮುಚ್ಚಳವಿರುವ ಒಂದು ಬಕೆಟ್ಟು. ಸ್ನಾನಗೃಹ ಮತ್ತು ಶೌಚಾಲಯಗಳ ಕಟ್ಟಡ ಈ ಮೂರೂ ಶಿಬಿರಗಳಲ್ಲಿದೆ, ಬಿಸಿನೀರೂ ಬಹುಮಟ್ಟಿಗೆ ದೊರೆಯುತ್ತದೆ, ಆದರೆ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಅಲ್ಲಿಗೆ ನಡೆದುಹೋಗುವ ಅಗತ್ಯ ಯಾರಿಗೂ ಇಲ್ಲ. ನೆತ್ತಿಯ ಮೇಲಿನ ಡೇರೆಯಿಂದ ಏಣಿ ಇಳಿಯಲೇಬೇಕಾಗಿ ಬಂದರೆ ಮೊದಲು ಟಾರ್ಚಿನ ಬೆಳಕನ್ನು ಸುತ್ತಲೂ ನಿಧಾನವಾಗಿ ಆಡಿಸಿ, ಹೊಳೆಯುವ ಕಣ್ಣುಗಳಿಲ್ಲವೆಂದು ಖಚಿತವಾದ ಮೇಲೆ ಇಳಿಯಬೇಕು. ನಿಮ್ಮ ತಾಯಿಯವರ ಮಂಡಿ ಏಣಿಗೆ ಒಪ್ಪುತ್ತದೆಯೇ ಎಂಬುದನ್ನು ಸಿಂಹಕ್ಕಿಂತ ಮೊದಲು ಯೋಚಿಸಿ ಎಂಬುದು ನನ್ನ ಸಲಹೆ.

ಬೇಲಿಹಾರಿ:
ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಘಟನೆಯನ್ನು ಹಿಡಿದುಕೊಂಡು ಜನರನ್ನು ಹೆದರಿಸುವುದು ನ್ಯಾಯವಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ದಾಟುವುದು ಇದಕ್ಕಿಂತ ಅಪಾಯಕಾರಿ.

ಗ್ಯಾಬರೋನ್ ನಿವಾಸಿ:
ಅಂಥ ಘಟನೆಗಳು ಅಪರೂಪವಾಗಿರುವುದಕ್ಕೆ ಕಾರಣ ಜನರು ಜಿಪ್ ಎಳೆದುಕೊಂಡು ಮಲಗುವುದೇ ಹೊರತು ತೆರೆದಿಟ್ಟುಕೊಂಡು ಮಲಗುವುದಲ್ಲ.

ಪಂಕ್ಚರ್ ಪುರಾಣ:
ಪ್ರಾಣಿಗಳ ವಿಷಯವನ್ನು ಬಲ್ಲವರು ಹೇಳಲಿ, ನಾನು ರಸ್ತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ಕುಟುಂಬಗಳು ನಿಜವಾಗಿ ಕಷ್ಟಕ್ಕೆ ಸಿಲುಕುವುದು ಮರಳಿನಲ್ಲಿ. ಒಂದೊಂದು ಶಿಬಿರದಲ್ಲಿ ಒಂದೊಂದು ರಾತ್ರಿ ಎಂಬ ಯೋಜನೆಯನ್ನು ಮೊದಲು ಕೈಬಿಡಿ. ಮೌನ್‌ನಿಂದ ದಕ್ಷಿಣ ಗೇಟಿಗೆ ಸುಮಾರು 100 ಕಿಲೋಮೀಟರ್ ದೂರವಿದ್ದು, ಶೊರೊಬೆ ಹಳ್ಳಿಯವರೆಗೆ ಮಾತ್ರ ಡಾಂಬರು ಇದೆ. ಗೇಟಿನಿಂದ ಥರ್ಡ್ ಬ್ರಿಡ್ಜ್‌ಗೆ ಇನ್ನು ಸುಮಾರು 50 ಕಿಲೋಮೀಟರ್, ಅದಕ್ಕೆ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸೆಪ್ಟೆಂಬರ್‌ವರೆಗೆ ಗೇಟು ಬೆಳಿಗ್ಗೆ 6ರಿಂದ ಸಂಜೆ 6.30ರವರೆಗೆ ತೆರೆದಿರುತ್ತದೆ, ಕತ್ತಲಾದ ಮೇಲೆ ಮೀಸಲಿನೊಳಗೆ ಗಾಡಿ ಓಡಿಸುವಂತಿಲ್ಲ. ದಿನವೂ ಡೇರೆ ಮಡಚಿ ದಿನವೂ ಬಿಚ್ಚುತ್ತಿದ್ದರೆ ನೀವು ನೋಡುವುದು ಕೇವಲ ಗಾಡಿಯ ಡಿಕ್ಕಿಯನ್ನು.

ಮರಳು ಕಲಹರಿಯದು, ಹಿಟ್ಟಿನಷ್ಟು ನುಣುಪು. ಡಾಂಬರು ಮುಗಿದೊಡನೆ ಟೈರಿನ ಗಾಳಿ ಇಳಿಸಬೇಕು. ಸಾಮಾನು ತುಂಬಿದ ಹೈಲಕ್ಸ್‌ಗೆ ಆಳವಾದ ಮರಳಿನಲ್ಲಿ 20ರಿಂದ 23 ಪಿಎಸ್‌ಐ ಸಾಕು, ವೇಗವೂ ಅದಕ್ಕೆ ತಕ್ಕಂತೆ ತಗ್ಗಬೇಕು, ಮರಳಿ ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಬೇಕು. ಹೀಗಾಗಿ ಗಾಡಿ ಪಡೆಯುವಾಗ ಕಂಪ್ರೆಸರ್ ಇದೆಯೇ ಎಂದು ಕೇಳಿದರೆ ಸಾಲದು, ಅದನ್ನು ಚಾಲೂ ಮಾಡಿಸಿ ಒಂದು ಟೈರಿಗೆ ಗಾಳಿ ಹೊಡೆಸಿಯೇ ಸಹಿ ಹಾಕಿ. ನಮಗೆ ಬಾಡಿಗೆಯವರು ಕೊಟ್ಟ ಕಂಪ್ರೆಸರಿನ ಕೊಳವೆ ಸೀಳಿತ್ತು. ನಾವು ಅಂಗಳದಲ್ಲೇ ಪರೀಕ್ಷಿಸಿದ್ದರಿಂದ ಬೇರೆಯದು ಸಿಕ್ಕಿತು. ಸಂಸ್ಥೆಯ ಹೆಸರು ಬೇಡ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ದಾರಿಯ ನಡುವಿನ ಎತ್ತರದ ಒಣಹುಲ್ಲಿನ ಬೀಜಗಳು ರೇಡಿಯೇಟರಿಗೆ ಮೆತ್ತಿಕೊಂಡು ಎಂಜಿನ್ ಕಾಯುತ್ತದೆ, ಗಾಡಿಯ ಅಡಿಯಲ್ಲಿ ಹೊಗೆಕೊಳವೆಯ ಸುತ್ತ ಸೇರಿಕೊಂಡು ಬೆಂಕಿಯೂ ಹತ್ತುತ್ತದೆ. ಹಾಗೆ ಉರಿದುಹೋದ ಗಾಡಿಗಳಿವೆ. ನಿಂತಾಗಲೆಲ್ಲ ಬಗ್ಗಿ ನೋಡಿ, ತಂತಿಯಿಂದ ಹುಲ್ಲನ್ನು ಎಳೆದುಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಕೊಡಚಾದ್ರಿ:
ಸೆಪ್ಟೆಂಬರ್ ಅಲ್ಲಿ ಒಣಗಾಲವಲ್ಲವೇ? ಹಾಗಿದ್ದರೂ ಒಕವಾಂಗೊ ಮುಖಜಭೂಮಿಯಲ್ಲಿ ನೀರು ದಾಟಬೇಕಾಗುತ್ತದೆ ಎಂದು ಏಕೆ ಹೇಳುತ್ತಾರೆಂಬುದು ನನಗೆ ಅರ್ಥವಾಗಲಿಲ್ಲ.

ಪಂಕ್ಚರ್ ಪುರಾಣ:
ಮಳೆ ಬೀಳುವುದು ಅಂಗೋಲಾದ ಎತ್ತರದ ಪ್ರದೇಶಗಳಲ್ಲಿ, ಅದೂ ಜನವರಿ ಫೆಬ್ರವರಿಯ ಸುಮಾರಿಗೆ. ನೆಲ ಎಷ್ಟು ಸಮತಟ್ಟಾಗಿದೆಯೆಂದರೆ ಆ ನೀರು ಜಂಬುಹುಲ್ಲಿನ ನಡುವೆ ತೆವಳುತ್ತ ಮೌನ್ ಕಡೆಗೆ ಬರುವಷ್ಟರಲ್ಲಿ ಜೂನ್ ಆಗಿರುತ್ತದೆ. ಹೀಗೆ ಮಳೆಯೇ ಇಲ್ಲದ ತಿಂಗಳುಗಳಲ್ಲಿ ಪ್ರವಾಹ ಏರುತ್ತದೆ, ಪ್ರಾಣಿಗಳು ಅಲ್ಲಿ ಒಟ್ಟುಗೂಡುವುದಕ್ಕೂ ಇದೇ ಕಾರಣ. ಸೆಪ್ಟೆಂಬರ್‌ನಲ್ಲಿ ನೀರು ಇಳಿಯುತ್ತಿರುತ್ತದೆ, ಆದರೆ ಪ್ರವಾಹ ಹೆಚ್ಚಾದ ವರ್ಷಗಳಲ್ಲಿ ಕೆಲವು ದಾರಿಗಳು ಆಗಲೂ ಮುಳುಗಿರುತ್ತವೆ. ಯಾವ ದಾರಿ ತೆರೆದಿದೆ ಎಂಬುದನ್ನು ಗೇಟಿನ ಸಿಬ್ಬಂದಿಯಿಂದ ಅದೇ ದಿನ ಕೇಳಿ ತಿಳಿಯಬೇಕು. ನಮ್ಮೂರ ಹಳ್ಳದಂತೆ ಪಂಚೆ ಎತ್ತಿ ನೀರಿಗಿಳಿದು ಆಳ ನೋಡುವ ಪದ್ಧತಿ ಅಲ್ಲಿ ನಡೆಯುವುದಿಲ್ಲ, ಮೊಸಳೆಗಳಿವೆ. ಥರ್ಡ್ ಬ್ರಿಡ್ಜ್‌ನ ಮೊಪಾನೆ ಮರದ ದಿಮ್ಮಿಗಳ ಸೇತುವೆಯಡಿ ತಿಳಿನೀರು ಹರಿಯುವುದನ್ನು ಕಂಡು ಈಜುವ ಆಸೆ ಎಲ್ಲರಿಗೂ ಆಗುತ್ತದೆ, ಇಳಿಯಕೂಡದು.

ತೀರ್ಥಹಳ್ಳಿ ಅಜ್ಜಿ:
ಅಡುಗೆಯ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನನ್ನ ವಯಸ್ಸು ಹೊಳೆಸಾಲು ಅವರ ತಾಯಿಗಿಂತ ಹೆಚ್ಚು, ಮಗ ಹರಾರೆಯಲ್ಲಿದ್ದಾಗ ಜಿಂಬಾಬ್ವೆಯ ಮಾನಾ ಪೂಲ್ಸ್ ಉದ್ಯಾನದ ನ್ಯಾಮೆಪಿ ಶಿಬಿರದಲ್ಲಿ, ಜಾಂಬೆಜಿ ನದಿಯ ದಂಡೆಯಲ್ಲಿ ನಾನೂ ಉಳಿದಿದ್ದೇನೆ. ಅಲ್ಲಿಯೂ ಬೇಲಿಯಿಲ್ಲ.

ಮೊದಲನೆಯದಾಗಿ, ನಿಂಬೆಹಣ್ಣನ್ನು ಒಯ್ಯಬೇಡಿ. ಕಿತ್ತಳೆ, ಮೂಸಂಬಿ, ನಿಂಬೆ, ಈ ಜಾತಿಯ ಯಾವುದೂ ಬೇಡ. ಆನೆಗಳಿಗೆ ಅದರ ಪರಿಮಳವೆಂದರೆ ಪ್ರಾಣ, ಅದಕ್ಕಾಗಿ ಅವು ಗಾಡಿಗಳನ್ನು ಜಖಂಗೊಳಿಸಿದ್ದುಂಟು. ಮಾನಾ ಪೂಲ್ಸ್‌ನಲ್ಲಿ ಇಂಥ ಹಣ್ಣುಗಳನ್ನು ತರಕೂಡದೆಂಬ ನಿಯಮವೇ ಇದೆ. ನಾವಿದ್ದಾಗ ಪಕ್ಕದ ಶಿಬಿರದವರು ಕಿತ್ತಳೆಯ ಚೀಲವನ್ನು ಗಾಡಿಯೊಳಗಿಟ್ಟು, ಕಿಟಕಿಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಿಬಿಟ್ಟಿದ್ದರು. ಮಧ್ಯಾಹ್ನ ಬಂದ ಒಂಟಿ ಸಲಗ ಆ ಸಂದಿಗೆ ಸೊಂಡಿಲ ತುದಿಯನ್ನು ಇಟ್ಟು ಉಸಿರೆಳೆಯಿತು. ಆಫ್ರಿಕಾದ ಆನೆಗೆ ಸೊಂಡಿಲ ತುದಿಯಲ್ಲಿ ಮೇಲೊಂದು ಕೆಳಗೊಂದು ಎರಡು ಬೆರಳಿನಂಥ ಚಾಚುಗಳಿರುತ್ತವೆ, ನಮ್ಮ ಆನೆಗೆ ಒಂದೇ. ಆ ಎರಡು ಬೆರಳುಗಳಿಂದ ಅದು ಕಿಟಕಿಯ ಕಪ್ಪು ರಬ್ಬರು ಪಟ್ಟಿಯನ್ನು ಚಿವುಟಿ, ಒಂದು ಮೊಳದಷ್ಟು ಎಳೆದು, ಬಾಯಿಗಿಟ್ಟು ನೋಡಿ ಉಗುಳಿತು. ಅಷ್ಟರಲ್ಲಿ ಅರಣ್ಯ ಸಿಬ್ಬಂದಿ ದೂರದಿಂದ ಕೈತಟ್ಟಿ ಕೂಗಿ ಅದನ್ನು ಅತ್ತ ಕಳಿಸಿದರು. ಗಾಜು ಉಳಿಯಿತು. ಹಣ್ಣು ಸಿಬ್ಬಂದಿಯ ವಶವಾಯಿತು.

ಹಾಗಾದರೆ ಹುಳಿಗೆ ಏನು ಎಂದರೆ, ಹುಣಸೆಯ ಗೊಜ್ಜನ್ನು ಎಣ್ಣೆ ತೇಲುವಂತೆ ಕುದಿಸಿ ಡಬ್ಬಿಗೆ ತುಂಬಿಕೊಳ್ಳಿ, ಪುಳಿಯೋಗರೆಗೂ ಸಾರಿಗೂ ಅದೇ ಆಗುತ್ತದೆ. ಮೊದಲೇ ಹುರಿದ ರವೆ, ಅವಲಕ್ಕಿ, ಹೆಸರುಬೇಳೆ, ಚಟ್ನಿಪುಡಿ ಸಾಕು. ಮೌನ್‌ನ ದೊಡ್ಡ ಅಂಗಡಿಗಳಲ್ಲಿ ಅಕ್ಕಿ, ಆಲೂಗಡ್ಡೆ, ಈರುಳ್ಳಿ, ಎಲೆಕೋಸು, ಗಟ್ಟಿ ಮೊಸರು ಎಲ್ಲವೂ ಸಿಗುತ್ತವೆ ಎಂದು ಮಗ ಹೇಳುತ್ತಾನೆ. ಗ್ಯಾಸ್ ಒಲೆ ಗಾಡಿಯ ಜೊತೆಗೇ ಬರುತ್ತದೆ.

ಸುಗ್ಗಿಕಾಲ:
ಅಜ್ಜಿಯವರೇ, ಕುಕ್ಕರ್ ಒಯ್ಯಬಹುದೇ? ಅದರ ಸೀಟಿಯಿಂದ ಪ್ರಾಣಿಗಳಿಗೆ ತೊಂದರೆಯಾಗುವುದಿಲ್ಲವೇ?

ತೀರ್ಥಹಳ್ಳಿ ಅಜ್ಜಿ:
ಧಾರಾಳವಾಗಿ ಒಯ್ಯಬಹುದು. ಗ್ಯಾಸೂ ನೀರೂ ಉಳಿಯುತ್ತವೆ.

ಬಿಳಿಗಿರಿ:
ನಾನು ಇದನ್ನು ಒಪ್ಪುವುದಿಲ್ಲ. ಜನರು ಸಾವಿರಾರು ಮೈಲಿ ಹೋಗುವುದು ಅಲ್ಲಿನ ಶಬ್ದಗಳನ್ನು ಕೇಳುವುದಕ್ಕೆ. ಸಂಜೆಯಾದೊಡನೆ ಹಣ್ಣುಬಾವಲಿಗಳು ಲೋಹವನ್ನು ತಟ್ಟಿದಂತೆ ಒಂದೇ ಸ್ವರವನ್ನು ಎಡೆಬಿಡದೆ ಹೊರಡಿಸುತ್ತವೆ, ನೀರಿನ ಕಡೆಯಿಂದ ನೀರಾನೆಗಳು ಗುಟುರು ಹಾಕುತ್ತವೆ, ಚಿರತೆಯನ್ನು ಕಂಡ ಬಬೂನ್ ಕೋತಿ ಮರದ ಮೇಲಿಂದ ಬೊಗಳುತ್ತದೆ. ಆ ಹೊತ್ತಿನಲ್ಲಿ ಪಕ್ಕದ ಶಿಬಿರದಿಂದ ಮೂರು ಸೀಟಿ ಕೂಗಿದರೆ ನನಗಂತೂ ಎದ್ದುಹೋಗಿ ಜಗಳವಾಡಬೇಕೆನಿಸುತ್ತದೆ. ಪ್ರಾಣಿಗಳಿಗೆ ತೊಂದರೆಯೋ ಇಲ್ಲವೋ, ಮನುಷ್ಯರಿಗೆ ತೊಂದರೆಯಿದೆ.

ತೀರ್ಥಹಳ್ಳಿ ಅಜ್ಜಿ:
ನಾನು ಬೇಳೆ ಬೇಯಿಸುವುದು ಮಧ್ಯಾಹ್ನ. ಆ ಹೊತ್ತಿನಲ್ಲಿ ನಿಮ್ಮ ಬಾವಲಿಗಳು ನಿದ್ರಿಸುತ್ತಿರುತ್ತವೆ. ಪಕ್ಕದ ಶಿಬಿರದವರು ಮಧ್ಯರಾತ್ರಿಯವರೆಗೆ ಬಿಯರ್ ಕುಡಿದು ಹಾಡುವುದಕ್ಕೆ ಬಾರದ ಸಿಟ್ಟು ಬೇಳೆಗೇಕೆ ಬರುತ್ತದೆಯೋ ತಿಳಿಯದು.

ಬಿಳಿಗಿರಿ:
ಮಧ್ಯಾಹ್ನವಾದರೆ ನನ್ನ ತಕರಾರಿಲ್ಲ.

ಗ್ಯಾಬರೋನ್ ನಿವಾಸಿ:
ನಿಂಬೆಯ ಮಾತು ಮೊರೆಮಿಗೂ ಅನ್ವಯಿಸುತ್ತದೆ, ಅಲ್ಲಿಯೂ ಒಯ್ಯದಿರುವುದೇ ಲೇಸು. ಸಸ್ಯಾಹಾರಿಗಳಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಕಾಲುಬಾಯಿ ಜ್ವರವನ್ನು ತಡೆಯುವುದಕ್ಕಾಗಿ ದೇಶದಲ್ಲಿ ಪಶುವೈದ್ಯ ಇಲಾಖೆಯ ಉದ್ದನೆಯ ಬೇಲಿಗಳಿದ್ದು, ಕಾಡೆಮ್ಮೆಗಳಿರುವ ಕಡೆಯಿಂದ ದನಗಳಿರುವ ಕಡೆಗೆ ಹಸಿಮಾಂಸವನ್ನು ಸಾಗಿಸುವಂತಿಲ್ಲ. ತಪಾಸಣಾ ಠಾಣೆಗಳಲ್ಲಿ ಶೀತಲಪೆಟ್ಟಿಗೆಯನ್ನು ತೆಗೆಸಿ ನೋಡುತ್ತಾರೆ. ಎಲೆಕೋಸು ಇಟ್ಟುಕೊಂಡವರು ಬೇಗ ಪಾರಾಗುತ್ತಾರೆ.

ಆದರೆ ಸಸ್ಯಾಹಾರದಿಂದ ಎಲ್ಲ ಪ್ರಾಣಿಗಳೂ ದೂರ ಉಳಿಯುತ್ತವೆ ಎಂದು ತಿಳಿಯಬೇಡಿ. ಥರ್ಡ್ ಬ್ರಿಡ್ಜ್‌ನ ಬಬೂನ್‌ಗಳಿಗೆ ಬ್ರೆಡ್ಡು, ಬಾಳೆಹಣ್ಣು, ಅವಲಕ್ಕಿ ಎಲ್ಲವೂ ಬೇಕು. ಅವು ಹಗಲಿನಲ್ಲಿ ಗುಂಪಾಗಿ ಬಂದು, ಒಂದು ಎದುರಿಗೆ ಕುಳಿತು ನಿಮ್ಮ ಗಮನ ಸೆಳೆಯುತ್ತಿರುವಾಗ ಇನ್ನೊಂದು ಹಿಂದಿನಿಂದ ಡಬ್ಬಿ ಎತ್ತುತ್ತದೆ. ಡೇರೆಯೊಳಗೆ ಬಿಸ್ಕತ್ತಿನ ಒಂದು ಪೊಟ್ಟಣವಿದ್ದರೂ ಹರಿದು ಒಳಹೋಗುತ್ತವೆ. ಸಫಾರಿಗೆ ಹೊರಡುವಾಗ ಕೆಳಗಿನ ಡೇರೆಗಳನ್ನು ಖಾಲಿ ಮಾಡಿ ಕಂಬ ತೆಗೆದು ನೆಲಕ್ಕೆ ಮಲಗಿಸಿ ಹೋಗುವವರೂ ಇದ್ದಾರೆ. ರಾತ್ರಿಯ ಪಾಳಿ ತರಕರಡಿಯದು, ಅದು ಕಸದ ತೊಟ್ಟಿಯ ಚಿಲಕ ತೆಗೆಯುವುದರಲ್ಲಿ ಪಳಗಿದೆ.

ಸುಗ್ಗಿಕಾಲ:
ರಾತ್ರಿಯಿಡೀ ದೊಡ್ಡ ಬೆಂಕಿ ಹಾಕಿದರೆ ಯಾವ ಪ್ರಾಣಿಯೂ ಬರುವುದಿಲ್ಲ ಎನ್ನುತ್ತಾರಲ್ಲ.

ಬಿಳಿಗಿರಿ:
ಅದು ಪೂರ್ತಿ ನಿಜವಲ್ಲ. ಬೆಂಕಿಯ ಬೆಳಕಿನ ಅಂಚಿನವರೆಗೂ ಕತ್ತೆಕಿರುಬಗಳು ಬಂದು ನಿಲ್ಲುತ್ತವೆ. ಸೌದೆಯನ್ನು ಮೀಸಲಿನೊಳಗೆ ಆಯಬಾರದು, ಮೌನ್‌ನಿಂದ ಬರುವ ದಾರಿಯಲ್ಲಿ ಕೊಂಡು ತರಬೇಕು, ರಾತ್ರಿಯಿಡೀ ಉರಿಸುವಷ್ಟು ತರಲು ಗಾಡಿಯಲ್ಲಿ ಜಾಗವೂ ಇರುವುದಿಲ್ಲ. ಮೊಪಾನೆ ಸೌದೆ ಚೆನ್ನಾಗಿ ಕೆಂಡವಾಗುತ್ತದೆ, ಮೂರು ತುಂಡು ಒಂದು ಸಂಜೆಗೆ ಸಾಕು.

ಡೇರೆಯ ಜಾಗದ ಬಗ್ಗೆಯೂ ಒಂದು ಮಾತು. ನೆರಳು ಚೆನ್ನಾಗಿದೆಯೆಂದು ಸಾಸೇಜ್ ಮರದಡಿ ಗಾಡಿ ನಿಲ್ಲಿಸಬೇಡಿ. ಬೆಂಗಳೂರಿನ ಉದ್ಯಾನಗಳಲ್ಲೂ ಈ ಮರವಿದೆ, ಸೋರೆಕಾಯಿಯಂಥ ಕಾಯಿಗಳು ಹಗ್ಗದಲ್ಲಿ ಜೋತಾಡುವುದನ್ನು ನೀವು ಕಂಡಿರುತ್ತೀರಿ. ಕಿಲೋಗಟ್ಟಲೆ ತೂಗುವ ಆ ಕಾಯಿ ಬಿದ್ದರೆ ಗಾಜು ಉಳಿಯುವುದಿಲ್ಲ. ಅದೇ ರೀತಿ ನೀರಿಗೆ ಇಳಿಯುವ ಸವೆದ ಕಾಲುದಾರಿಯ ಮೇಲೆ ಡೇರೆ ಹಾಕಬೇಡಿ, ಅದು ನೀರಾನೆಯ ದಾರಿ. ರಾತ್ರಿ ಮೇಯಲು ದಡಕ್ಕೆ ಬರುವ ನೀರಾನೆಗೂ ನೀರಿಗೂ ನಡುವೆ ಸಿಕ್ಕಿಕೊಳ್ಳುವುದಕ್ಕಿಂತ ಕೆಟ್ಟ ಸ್ಥಿತಿ ಅಲ್ಲಿ ಮತ್ತೊಂದಿಲ್ಲ.

ಮೈಸೂರು ವೈದ್ಯೆ:
ಎಲ್ಲರೂ ಸಿಂಹದ ಮಾತಾಡುತ್ತಿದ್ದೀರಿ, ನನಗೆ ಸೊಳ್ಳೆಯ ಚಿಂತೆ. ಬೋಟ್ಸ್ವಾನಾದ ಉತ್ತರ ಭಾಗದಲ್ಲಿ ಮಲೇರಿಯಾ ಇದೆ. ಸೆಪ್ಟೆಂಬರ್‌ನಲ್ಲಿ ಅಪಾಯ ಮಳೆಗಾಲಕ್ಕಿಂತ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಲ್ಲಿನದು ಬಹುಪಾಲು ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಂ ಜಾತಿಯದಾದ್ದರಿಂದ, ನಮ್ಮ ಮನೆಗಳ ಡಬ್ಬಿಯಲ್ಲಿರುವ ಕ್ಲೋರೋಕ್ವಿನ್ ಮಾತ್ರೆಯನ್ನು ನೆಚ್ಚಿಕೊಂಡು ಹೋಗಬಾರದು. ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಸೇರಿದ ಮಾತ್ರೆಯನ್ನು ಹೊರಡುವುದಕ್ಕೆ ಒಂದೆರಡು ದಿನ ಮೊದಲು ಆರಂಭಿಸಿ, ಆ ಪ್ರದೇಶ ಬಿಟ್ಟ ಮೇಲೆ 7 ದಿನ ಮುಂದುವರಿಸುತ್ತಾರೆ. ಡಾಕ್ಸಿಸೈಕ್ಲಿನ್ ಆದರೆ ಹಿಂದಿರುಗಿದ ಮೇಲೆ 4 ವಾರ. ಮಗುವಿನ ಪ್ರಮಾಣವನ್ನು ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು, ಆದ್ದರಿಂದ ಹೊರಡುವ ವಾರದಲ್ಲಿ ಓಡಿಬರುವ ಬದಲು ತಿಂಗಳ ಮೊದಲೇ ಬನ್ನಿ. ಊರಿಗೆ ಮರಳಿದ ತಿಂಗಳುಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಬೇಕು.

ಹಾವಿನ ವಿಷಯದಲ್ಲಿ, ಇಲ್ಲಿಂದ ಪ್ರತಿವಿಷ ಕೊಂಡೊಯ್ಯುವುದಾಗಿ ಒಬ್ಬರು ನನ್ನಲ್ಲಿ ಕೇಳಿದ್ದರು. ಭಾರತದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಮ್ಮ ಹಾವುಗಳ ವಿಷಕ್ಕಾಗಿ ತಯಾರಿಸಲಾಗುತ್ತದೆ; ಬ್ಲ್ಯಾಕ್ ಮಾಂಬಾಗೂ ಪಫ್ ಆಡರ್‌ಗೂ ಅದು ಉಪಯೋಗಕ್ಕೆ ಬಾರದು. ಪಫ್ ಆಡರ್ ದಾರಿಯಲ್ಲೇ ಅಲುಗಾಡದೆ ಮಲಗಿರುತ್ತದೆ, ಆದ್ದರಿಂದ ಸಂಜೆಯ ಮೇಲೆ ಮುಚ್ಚಿದ ಬೂಟು ಮತ್ತು ಟಾರ್ಚು ಕಡ್ಡಾಯ. ಬೆಳಿಗ್ಗೆ ಬೂಟನ್ನು ಕೊಡವಿ ಹಾಕಿಕೊಳ್ಳಿ. ತೆಳುವಾದ ಇಕ್ಕುಳವೂ ದಪ್ಪನೆಯ ಬಾಲವೂ ಇರುವ ಚೇಳು ಅಲ್ಲಿ ನಿಜಕ್ಕೂ ಅಪಾಯಕಾರಿ. ವಿಮಾನದ ಮೂಲಕ ಆಸ್ಪತ್ರೆಗೆ ಸಾಗಿಸುವ ವೆಚ್ಚವನ್ನು ಭರಿಸುವ ವಿಮೆಯಿಲ್ಲದೆ ಈ ಪ್ರವಾಸಕ್ಕೆ ಹೊರಡಬಾರದು.

ಕೊಡಚಾದ್ರಿ:
ರಕ್ತ ಹೀರುವ ತ್ಸೆತ್ಸೆ ನೊಣದ ಕಾಟವಿಲ್ಲವೇ? ನೀಲಿ ಬಟ್ಟೆ ಹಾಕಬಾರದೆಂದು ಕೇಳಿದ್ದೇನೆ.

ಅರುಷಾ ಅಣ್ಣ:
ಅದು ನಮ್ಮ ತಾಂಜಾನಿಯಾದ ಮಾತು. ಇಲ್ಲಿ ನೀಲಿ ಮತ್ತು ಕಪ್ಪು ಬಟ್ಟೆಗೆ ತ್ಸೆತ್ಸೆ ಮುತ್ತಿಕೊಳ್ಳುತ್ತದೆ. ಒಕವಾಂಗೊದಲ್ಲಿ 2001 ಮತ್ತು 2002ರಲ್ಲಿ ವಿಮಾನದಿಂದ ಔಷಧ ಸಿಂಪಡಿಸಿ ಅದನ್ನು ನಿರ್ಮೂಲ ಮಾಡಿದರು.

ಹೊಳೆಸಾಲು ಅವರಿಗೆ ಒಂದು ಬೇರೆ ದಾರಿಯನ್ನು ಸೂಚಿಸಲೇ? ಮೊದಲ ಸಲ ಮಗುವನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವವರು ನೇರವಾಗಿ ಮೊರೆಮಿಗೆ ಹಾರಬೇಕಾಗಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದ ಮುಖ್ಯ ಶಿಬಿರಗಳಿಗೆ ಬೇಲಿಯಿದೆ, ಅಂಗಡಿಯಿದೆ, ಡಾಂಬರು ರಸ್ತೆಯಿದೆ, ಸಾಮಾನ್ಯ ಕಾರಿನಲ್ಲೇ ಸುತ್ತಬಹುದು. ನಮ್ಮ ತಾಂಜಾನಿಯಾದ ಸೆರೆಂಗೆಟಿಯ ಸೆರೊನೆರಾ ಸುತ್ತಲಿನ ಸಾರ್ವಜನಿಕ ಶಿಬಿರಗಳು ನಡುವಿನ ಬಗೆಯವು: ಡೇರೆಗಳಿಗೆ ಬೇಲಿಯಿಲ್ಲ, ಆದರೆ ಅಡುಗೆ ಮಾಡುವುದಕ್ಕೂ ಉಣ್ಣುವುದಕ್ಕೂ ಕಬ್ಬಿಣದ ಜಾಲರಿಯ ಕೋಣೆಗಳಿವೆ. ಪಾತ್ರೆ ಪಗಡಗಳನ್ನು ಅದರೊಳಗಿಟ್ಟು ಬೀಗ ಹಾಕಿದರಾಯಿತು. ಅಲ್ಲಿ ಮನುಷ್ಯರು ಪಂಜರದೊಳಗೆ ಕುಳಿತು ಉಣ್ಣುತ್ತಾರೆ, ಪ್ರಾಣಿಗಳು ಹೊರಗಿನಿಂದ ನೋಡುತ್ತವೆ. ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನ ಸಿಂಬಾ ಶಿಬಿರದಲ್ಲಿ ಆನೆಗಳು ನೀರಿನ ತೊಟ್ಟಿಗೆ ಸೊಂಡಿಲಿಟ್ಟು ಕುಡಿದು ಹೋಗುತ್ತವೆ. ಅದು ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಚಳಿ ಮಾತ್ರ ವಿಪರೀತ.

ಗ್ಯಾಬರೋನ್ ನಿವಾಸಿ:
ಅರುಷಾ ಅಣ್ಣನವರು ಹೇಳಿದ್ದರಲ್ಲಿ ತಥ್ಯವಿದೆ, ಆದರೆ ಸೆರೊನೆರಾದಲ್ಲಿ ಒಂದೇ ಬಯಲಿನಲ್ಲಿ ಹತ್ತಾರು ಡೇರೆಗಳು ಒತ್ತೊತ್ತಾಗಿರುತ್ತವೆ. ಇಲ್ಲಿ ಒಂದು ಶಿಬಿರದಿಂದ ಇನ್ನೊಂದು ಶಿಬಿರ ಕಾಣಿಸುವುದೇ ಕಷ್ಟ. ಜನ ಇಲ್ಲಿಗೆ ಬರುವುದೇ ಅದಕ್ಕಾಗಿ.

ಸುಗ್ಗಿಕಾಲ:
ನನ್ನದೊಂದು ಪ್ರಶ್ನೆ. ಅಲ್ಲಿ ಸಾಧ್ಯವಾಗುವುದು ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಏಕೆ ಸಾಧ್ಯವಿಲ್ಲ? ನಮ್ಮ ಕಾಡಿನಲ್ಲಿ ನಾವು ಗಾಡಿಯಿಂದ ಕೆಳಗಿಳಿಯುವಂತೆಯೂ ಇಲ್ಲ.

ಬಿಳಿಗಿರಿ:
ಸಾಧ್ಯವಾಗಬಾರದು ಎಂಬುದೇ ನನ್ನ ಅಭಿಪ್ರಾಯ. ನಮ್ಮ ಹುಲಿ ಸಂರಕ್ಷಿತ ಪ್ರದೇಶಗಳು ಊರು, ತೋಟ, ಹೆದ್ದಾರಿಗಳ ನಡುವೆ ಉಳಿದುಕೊಂಡ ತುಂಡುಗಳು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸುವುದಕ್ಕೇ 2009ರಿಂದ ಎಷ್ಟು ಹೋರಾಟ ನಡೆದಿದೆ ನೋಡಿ. ನಮ್ಮ ಆನೆಗಳು ಮನುಷ್ಯರೊಂದಿಗೆ ದಿನವೂ ಗುದ್ದಾಡಿ ಸಿಡುಕುತನ ಬೆಳೆಸಿಕೊಂಡಿವೆ. ಪೊದೆಯ ಹಿಂದಿನಿಂದ ಹತ್ತು ಅಡಿಯ ಅಂತರದಲ್ಲಿ ಎದುರಾಗುವ ಆನೆಗೂ ಬಯಲಿನಲ್ಲಿ ಅರ್ಧ ಮೈಲಿಯಿಂದ ಕಾಣುವ ಆನೆಗೂ ವ್ಯತ್ಯಾಸವಿದೆ. ಅಲ್ಲಿ ಸಲಗವೊಂದು ಡೇರೆಯ ಹಗ್ಗಗಳನ್ನು ಒಂದನ್ನೂ ಎಡವದೆ ದಾಟಿಹೋಗುವುದನ್ನು ನಾನು ನೋಡಿದ್ದೇನೆ, ಆ ಶಾಂತಿ ನಮ್ಮಲ್ಲಿ ಉಳಿದಿಲ್ಲ.

ಬೇಲಿಹಾರಿ:
ಅಂದರೆ ಅಲ್ಲಿನ ಜನರನ್ನು ಒಕ್ಕಲೆಬ್ಬಿಸಿ ಬಯಲು ಮಾಡಿದ್ದಾರೆ, ಪ್ರವಾಸಿಗರಿಗೆ ಅನುಕೂಲವಾಗಿದೆ ಎಂದು ಹೇಳಿ.

ಗ್ಯಾಬರೋನ್ ನಿವಾಸಿ:
ಅರ್ಧ ಸರಿ. ಮೊರೆಮಿಯನ್ನು ಹೊರಗಿನವರು ಘೋಷಿಸಿದ್ದಲ್ಲ. ಬೇಟೆಯಿಂದ ಪ್ರಾಣಿಗಳು ಕ್ಷೀಣಿಸುತ್ತಿರುವುದನ್ನು ಕಂಡು ಬಟವಾನಾ ಜನರೇ, ಆಗ ಅವರ ಆಡಳಿತ ನಡೆಸುತ್ತಿದ್ದ ಎಲಿಜಬೆತ್ ಪುಲಾನೆ ಮೊರೆಮಿಯವರ ಮುಂದಾಳತ್ವದಲ್ಲಿ, 1963ರಲ್ಲಿ ತಮ್ಮ ನೆಲವನ್ನು ಮೀಸಲಾಗಿಟ್ಟರು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದೇ 1966ರಲ್ಲಿ. ಆದರೆ ಅದೇ ನೆಲದಲ್ಲಿ ಬೇಟೆಯಾಡಿ ಬದುಕುತ್ತಿದ್ದ ನದಿಪಾತ್ರದ ಸಾನ್ ಜನರು ಅಲ್ಲಿಂದ ಹೊರಬರಬೇಕಾಯಿತು, ಉತ್ತರ ಗೇಟಿನಾಚೆಯ ಖ್ವಾಯ್ ಹಳ್ಳಿ ಅವರದು. ಇಂದು ಖ್ವಾಯ್ ಡೆವಲಪ್‌ಮೆಂಟ್ ಟ್ರಸ್ಟ್ ಎಂಬ ಹಳ್ಳಿಗರ ಸಂಸ್ಥೆ ತನ್ನದೇ ಶಿಬಿರದ ಜಾಗಗಳನ್ನು ನಡೆಸುತ್ತದೆ. ಅಲ್ಲಿ ಸೌಕರ್ಯ ಮೀಸಲಿನೊಳಗಿಗಿಂತಲೂ ಕಡಿಮೆ, ಆದರೆ ನೀವು ಕೊಡುವ ಹಣ ನೆಲ ಕಳೆದುಕೊಂಡವರ ಕೈಗೆ ಹೋಗುತ್ತದೆ. ಒಂದು ರಾತ್ರಿಯನ್ನಾದರೂ ಅಲ್ಲಿ ಕಳೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಹೊಳೆಸಾಲು:
ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಮನೆಯಲ್ಲಿ ಕುಳಿತು ಎಲ್ಲವನ್ನೂ ಗಟ್ಟಿಯಾಗಿ ಓದಿದೆವು. ತಾಯಿಯವರು ಏಣಿಯನ್ನು ನಿರಾಕರಿಸಿದ್ದಾರೆ, ಬಕೆಟ್ಟನ್ನು ಒಪ್ಪಿದ್ದಾರೆ. ಅವರಿಗೂ ಮಗಳಿಗೂ ನೆಲದ ಮೇಲಿನ ದೊಡ್ಡ ಡೇರೆಯಲ್ಲಿ ನಮ್ಮಿಬ್ಬರ ನಡುವೆ ಹಾಸಿಗೆ. ಕಕನಾಕವನ್ನು ಕೈಬಿಟ್ಟು ಥರ್ಡ್ ಬ್ರಿಡ್ಜ್‌ನಲ್ಲಿ ಮೂರು ರಾತ್ರಿ, ಖ್ವಾಯ್ ಹಳ್ಳಿಗರ ಶಿಬಿರದಲ್ಲಿ ಎರಡು ರಾತ್ರಿ ಎಂದು ಯೋಜನೆಯನ್ನು ಬದಲಿಸಿದ್ದೇವೆ. ಹುಣಸೆಯ ಗೊಜ್ಜಿನ ಜವಾಬ್ದಾರಿ ನನ್ನದು. ಶಿಬಿರಕ್ಕೆ ಜಾಗ ಕಾಯ್ದಿರಿಸುವುದು ಹೇಗೆ, ತುರ್ತು ಸಂಪರ್ಕಕ್ಕೆ ಉಪಗ್ರಹ ಸಾಧನವನ್ನು ಇಲ್ಲಿಂದಲೇ ಕೊಂಡೊಯ್ಯುವುದೇ ಎಂಬುದಷ್ಟೇ ಉಳಿದಿದೆ.

ಪಂಕ್ಚರ್ ಪುರಾಣ:
ಇಲ್ಲಿಂದ ಖಂಡಿತ ಒಯ್ಯಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನಾಗಲಿ ಉಪಗ್ರಹ ಸಂದೇಶದ ಸಾಧನವಾಗಲಿ ಇಟ್ಟುಕೊಳ್ಳುವುದು ಅಪರಾಧ, ಚಾರಣಕ್ಕೆ ಬಂದ ವಿದೇಶಿಯರನ್ನು ವಿಮಾನ ನಿಲ್ದಾಣದಲ್ಲೇ ಬಂಧಿಸಿದ್ದಿದೆ. ಗಾಡಿ ಬಾಡಿಗೆಗೆ ಕೊಡುವವರ ಬಳಿಯೇ ಅದನ್ನೂ ಬಾಡಿಗೆಗೆ ಪಡೆದು ಅಲ್ಲಿಯೇ ಹಿಂದಿರುಗಿಸಿ ಬನ್ನಿ.

ಗ್ಯಾಬರೋನ್ ನಿವಾಸಿ:
ಮೊರೆಮಿಯೊಳಗಿನ ಶಿಬಿರಗಳನ್ನು ನಡೆಸುವುದು ಖಾಸಗಿ ಸಂಸ್ಥೆಗಳು, ಪ್ರವೇಶ ಶುಲ್ಕ ಮಾತ್ರ ವನ್ಯಜೀವಿ ಮತ್ತು ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ. ಹೀಗಾಗಿ ಎರಡು ಕಡೆ ಹಣ ಕಟ್ಟಬೇಕು, ಎರಡರ ರಸೀದಿಯನ್ನೂ ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಬೇಕು, ಏಕೆಂದರೆ ಗೇಟಿನಲ್ಲಿ ಮೊಬೈಲಿನ ಪರದೆಯನ್ನು ತೆರೆದು ತೋರಿಸಲು ಸಂಪರ್ಕವೇ ಸಿಗದಿರಬಹುದು. ಥರ್ಡ್ ಬ್ರಿಡ್ಜ್‌ಗೆ ಬೇಡಿಕೆ ಹೆಚ್ಚು, ಸೆಪ್ಟೆಂಬರ್‌ಗೆ ಈಗಲೇ ಪತ್ರ ಬರೆಯಿರಿ. ಜಾಗ ಸಿಗುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿ.